ನಲವತ್ತೊಂದನೇ ಪ್ಯಾರಾ

ಜುಲೈ 3, ಗುರುವಾರ

ನಿನ್ನೆಗೆ ಹೈಕೋರ್ಟಿನ ಅವಧಿ ಮುಗಿಯಿತು. ವಕೀಲರೆಲ್ಲ ಕರಿಕೋಟು ಬಿಚ್ಚಿ ಊರು ಬಿಟ್ಟರು. ತೀರ್ಪು ಅಚ್ಚು ಹಾಕುವ ನಮ್ಮ ಪತ್ರಿಕೆಯವರಿಗೆ ಮಾತ್ರ ಈಗ ಉಸಿರಾಡಲು ಪುರುಸೊತ್ತಿಲ್ಲ. ಅವಧಿಯ ಸಮೀಕ್ಷೆ — ಹನ್ನೆರಡು ಮುಖ್ಯ ತೀರ್ಪು ಆರಿಸಿ, ಯಾವುದು ಏಕೆ ದೊಡ್ಡದು ಅಂತ ನಲವತ್ತು ಪುಟ. ಇಪ್ಪತ್ತೈದಕ್ಕೆ ಸಂಚಿಕೆ.

ಹತ್ತೊಂಬತ್ತನೇ ಸಲ ಬರೆಯುತ್ತಿದ್ದೇನೆ. ಒಂದು ಗುಟ್ಟು, ಇಲ್ಲಿ ಮಾತ್ರ ಬರೆಯಬಹುದಾದ್ದು — ಸಮೀಕ್ಷೆಗಾಗಿ ಯಾವ ತೀರ್ಪನ್ನೂ ಎರಡನೇ ಸಲ ಓದುವುದಿಲ್ಲ. ನನ್ನದೇ ಹೆಡ್‌ನೋಟ್‌ಗಳನ್ನು ಮುಂದಿಟ್ಟುಕೊಂಡು ಬರೆದುಬಿಡುತ್ತೇನೆ. ತೀರ್ಪು ನೂರು ಪುಟ ಇರಲಿ ಇನ್ನೂರಿರಲಿ, ನಮ್ಮ ಪತ್ರಿಕೆಯಲ್ಲಿ ಅದರ ನೆತ್ತಿಯ ಮೇಲೆ ಆರೇಳು ಸಾಲಿನ ಸಾರ ಇರುತ್ತದಲ್ಲ, ಅದು. ಮೂವತ್ತೊಂದು ವರ್ಷದಿಂದ ಬರೆಯುವವಳು ನಾನು. ಕೆಳಗೆ ನನ್ನ ಹೆಸರಿರುವುದಿಲ್ಲ. ಆದರೆ ವಕೀಲರು ಓದುವುದು ಅದನ್ನೇ. ಜಡ್ಜುಗಳೂ ಅದನ್ನೇ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಪಟ್ಟಿ ಆಯಿತು. ಮೊದಲನೆಯದು ನೋಟಿಸಿಲ್ಲದೆ ಗುಡಿಸಲು ಕೆಡವಿದ್ದು. ಎರಡು, ಬಸ್ ಚಾಲಕರ ಡ್ಯೂಟಿ ಗಂಟೆ. ಮೂರು, ಮತದಾರರ ಪಟ್ಟಿ... ಆರನೇದು ಮಗುವಿನ ಕೇಸು. ಪಕ್ಕದಲ್ಲಿ "ಚಿಕ್ಕದು, ಉಪಯುಕ್ತ" ಅಂತ ಬರೆದುಕೊಂಡಿದ್ದೇನೆ.

ಮನೆಗೆ ಬಂದು ಎರಡನೇ ತೀರ್ಪಿನ ವಿಷಯ ಇವರಿಗೆ ಹೇಳಿದೆ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕಿಯೇ ರಿಟೈರ್ ಆದ ಮನುಷ್ಯ. "ಜಡ್ಜ್ ಸಾಹೇಬರು ಒಂದು ದಿನ ಆ ಸೀಟಲ್ಲಿ ಕೂತಿದ್ರೆ ತೀರ್ಪು ಎರಡೇ ಸಾಲು ಇರ್ತಿತ್ತು" ಅಂದರು. ನಕ್ಕು ಸಾಕಾಯಿತು.

ಜುಲೈ 5, ಶನಿವಾರ

ಸಂಪಾದಕರಿಗೆ ಹೊಸ ಹುಕಿ. "ಈ ಸಲ ಪ್ರತಿ ತೀರ್ಪಿಂದ ಒಂದೊಂದು ವಾಕ್ಯ ಹಾಗೇ ಎತ್ತಿ ಹಾಕಿ. ಜಡ್ಜ್ ಎದುರಿಗೆ ಕೂತು ಮಾತಾಡ್ದಂಗಿರುತ್ತೆ."

ಅಂದರೆ ಎಲ್ಲವನ್ನೂ ಮತ್ತೆ ತೆರೆಯಬೇಕು. ಮೂಗು ಮುರಿದೆ. ಅವರು ನೋಡಿಯೂ ನೋಡದ ಹಾಗೆ ಇದ್ದರು. ನಮ್ಮಿಬ್ಬರದು ಮೂವತ್ತು ವರ್ಷದ ಅಭ್ಯಾಸ.

ಐದು ಮುಗಿಯಿತು. ಒಳ್ಳೆಯ ವಾಕ್ಯ ಹುಡುಕುವುದು ಕಲ್ಲಿನಿಂದ ನಾರು ತೆಗೆದ ಹಾಗೆ. ಒಬ್ಬ ಜಡ್ಜಂತೂ ಪೂರ್ಣವಿರಾಮ ಅಂದರೆ ಪರಮವೈರಿ ಅಂದುಕೊಂಡಿದ್ದಾರೆ. ಆರನೇದು ಸೋಮವಾರ.

ಜುಲೈ 7, ಸೋಮವಾರ, ಬೆಳಿಗ್ಗೆ 11.20

ತಪ್ಪು.

ಮೂರು ಸಲ ಓದಿದೆ. ತಪ್ಪೇ.

ಮಧ್ಯಾಹ್ನ 1.00

ಊಟದ ಡಬ್ಬಿ ತೆರೆದಿಲ್ಲ. ಬರೆದರೆ ತಲೆ ನೆಟ್ಟಗಾಗಬಹುದು.

ಫೆಬ್ರವರಿಯ ತೀರ್ಪು. ಮಗು ಯಾರ ಬಳಿ ಇರಬೇಕು ಅನ್ನುವ ಜಗಳ. ಹೈಕೋರ್ಟಿನ ಮುಂದಿದ್ದ ಪ್ರಶ್ನೆ ಒಂದೇ. ಒಂಬತ್ತು ವರ್ಷ ದಾಟಿದ ಮಗುವನ್ನು ಕೆಳಗಿನ ಕೋರ್ಟಿನ ನ್ಯಾಯಾಧೀಶರು ಎದುರಿಗೆ ಕೂರಿಸಿಕೊಂಡು, ನಿನಗೇನು ಬೇಕು ಅಂತ ಖುದ್ದಾಗಿ ಕೇಳಲೇಬೇಕೋ, ಬೇಡವೋ. ನನ್ನ ಹೆಡ್‌ನೋಟ್ ಹೀಗಿದೆ: "ಮಗುವನ್ನು ಖುದ್ದಾಗಿ ವಿಚಾರಿಸುವುದು ಕಡ್ಡಾಯವಲ್ಲ, ದಾಖಲೆಗಳಿಂದಲೇ, ಸಂದರ್ಭ ನೋಡಿ, ಮಗುವಿನ ಹಿತ ತೀರ್ಮಾನಿಸಬಹುದು — ಪ್ಯಾರಾ 41."

ನಲವತ್ತೊಂದನೇ ಪ್ಯಾರಾದಲ್ಲಿ ಆ ಮಾತು ಇದೆ. ಇದ್ದೇ ಇದೆ. ಆದರೆ ಅದು ಕೋರ್ಟಿನ ಮಾತಲ್ಲ. ಸೋತ ಕಡೆಯ ವಕೀಲನ ವಾದ. "ತಂದೆಯ ಪರ ವಕೀಲರು ವಾದಿಸಿದ್ದೇನೆಂದರೆ" ಅಂತ 38ರಲ್ಲಿ ಶುರುವಾಗಿ, ಉಸಿರು ಬಿಡದೆ 41ರವರೆಗೆ ಅದೇ ಹರಿದಿದೆ. ಪೂರ್ಣವಿರಾಮದ ಪರಮವೈರಿಯ ಕೈಬರಹವೇ ಇದೂ. 44ರಲ್ಲಿ ಕೋರ್ಟು ಒಂದೇ ಸಾಲು ಹೇಳಿದೆ — ಈ ವಾದ ಒಪ್ಪತಕ್ಕದ್ದಲ್ಲ. 45ರಲ್ಲಿ, ಮಗುವನ್ನು ಕೇಳದೆ ಕೊಟ್ಟ ಆದೇಶ ಆದೇಶವೇ ಅಲ್ಲ ಅಂತ.

ತೀರ್ಪು ಏನು ಹೇಳಿತ್ತೋ ಅದನ್ನು ತಲೆಕೆಳಗು ಮಾಡಿ ಅಚ್ಚು ಹಾಕಿಸಿದ್ದೇನೆ. ತರಬೇತಿಗೆ ಬಂದ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಪ್ಯಾರಾ ಎತ್ತುವ ಮೊದಲು ಯಾರು ಮಾತಾಡುತ್ತಿದ್ದಾರೆ ನೋಡಿ ಅಂತ.

ಈ ಹೆಡ್‌ನೋಟ್ ಬರೆದ ದಿನ ಚೆನ್ನಾಗಿ ನೆನಪಿದೆ. ಜ್ವರ ಇರಲಿಲ್ಲ. ಮನೆಯಲ್ಲಿ ತಾಪತ್ರಯ ಇರಲಿಲ್ಲ. ಪ್ರೂಫ್ ನೋಡುವ ಹುಡುಗ, ನಾವೆಲ್ಲ ಚಸ್ಮಾ ಅಂತ ಕರೆಯುವವನು, ಬೆಳಿಗ್ಗೆ "ಹನ್ನೊಂದು ತೀರ್ಪು ಇವತ್ತೇ? ಆಗೋ ಮಾತಲ್ಲ ಬಿಡಿ ಮೇಡಂ" ಅಂದಿದ್ದ. ನಾಲ್ಕು ಗಂಟೆಯೊಳಗೆ ಮುಗಿಸುತ್ತೇನೆ ಅಂದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಗಿಸಿದೆ. ಆಫೀಸಿನವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಬಾಗಿ ನಮಸ್ಕಾರ ಬೇರೆ ಮಾಡಿದ್ದೆ.

ಸಂಜೆ 5.10

ನಮ್ಮಲ್ಲಿ ಉಲ್ಲೇಖ ಪಟ್ಟಿ ಅಂತ ಇದೆ. ಯಾವ ಕೋರ್ಟು ಯಾವ ತೀರ್ಪನ್ನು ಎತ್ತಿ ಹೇಳಿತು ಅಂತ ಗುರುತು ಹಾಕುವುದು. ಎಲ್ಲರೂ ಎದ್ದು ಹೋಗುವುದನ್ನೇ ಕಾದು ತೆರೆದೆ. ಮೂರು ಕಡೆ. ಎರಡು ಸುಮ್ಮನೆ ಹೆಸರು ಹೇಳಿ ಬಿಟ್ಟಿವೆ.

ಮೂರನೇದು ಕುಟುಂಬ ನ್ಯಾಯಾಲಯ, ಜೂನ್ 17. ಹತ್ತು ವರ್ಷದ ಹುಡುಗಿ. ತಾಯಿ ಇಲ್ಲ. ಮೂರನೇ ವರ್ಷದಿಂದ ಚಿಕ್ಕಮ್ಮ ಸಾಕಿದ್ದು. ತಂದೆ ಮರುಮದುವೆಯಾಗಿ ಈಗ ಮಗಳನ್ನು ಕೇಳಿದ. ಕೋರ್ಟು ಕೊಟ್ಟಿತು. ಹುಡುಗಿಯನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಆದೇಶದಲ್ಲೇ ಬರೆದಿದೆ: ಮಾನ್ಯ ಹೈಕೋರ್ಟು ಕಡ್ಡಾಯವಲ್ಲ ಎಂದಿರುವುದರಿಂದ. ಮುಂದಿರುವುದು ನನ್ನ ಮಾತುಗಳೇ. ನಡುವೆ ತುರುಕಿದ "ಸಂದರ್ಭ ನೋಡಿ" ಕೂಡ ನನ್ನದೇ, ತೀರ್ಪಿನಲ್ಲಿ ಎಲ್ಲೂ ಇಲ್ಲ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಚಿಕ್ಕಮ್ಮನ ಪರ ವಕೀಲೆಯ ಹೆಸರು ನೋಡಿದೆ. ನಮ್ಮ ಪುಟ್ಟ ವಕೀಲೆ. ನನ್ನ ಕೈಕೆಳಗೆ ಎರಡು ವರ್ಷ ಕಲಿತು, ನನ್ನನ್ನು "ಅಕ್ಕಾ" ಅನ್ನುತ್ತಾ ಬೆಳೆದವಳು.

ಮೇಲ್ಮನವಿಗೆ ಮೂವತ್ತು ದಿನ. ಜುಲೈ 17. ರಜೆಯಲ್ಲೂ ಕೌಂಟರು ತೆರೆದಿರುತ್ತದೆ, ಗಡುವು ನಿಲ್ಲುವುದಿಲ್ಲ. ದಾಟಿದರೆ ತಡಕ್ಕೆ ಕಾರಣ ಹೇಳಿ ಬೇಡಬೇಕು. ಅಷ್ಟು ಹೊತ್ತಿಗೆ, ಮಗು ಹೊಸ ಮನೆಗೆ ಒಗ್ಗಿಕೊಂಡಿದೆ, ಇನ್ನು ಯಾಕೆ ಕದಲಿಸುವುದು ಅಂತ ಕೇಳುತ್ತಾರೆ. ಇನ್ನು ಹತ್ತು ದಿನ.

ಜುಲೈ 10, ಗುರುವಾರ

ಮೂರು ದಿನ ಬರೆಯಲಿಲ್ಲ. ಏನು ಮಾಡಿದೆ ಅಂತ ಬರೆಯುವುದಕ್ಕೇ ನಾಚಿಕೆ.

ಸಮೀಕ್ಷೆಯಲ್ಲಿ ಆರನೇ ತೀರ್ಪನ್ನು ಸರಿಯಾಗಿ ಬರೆದೆ. 45ನೇ ಪ್ಯಾರಾದ ವಾಕ್ಯ ಎತ್ತಿ ಹಾಕಿದೆ. ಹೆಡ್‌ನೋಟ್ ತಪ್ಪಾಗಿತ್ತು ಅಂತ ಮಾತ್ರ ಬರೆಯಲಿಲ್ಲ. ಮೊದಲಿನಿಂದಲೂ ಹೀಗೇ ಹೇಳಿಕೊಂಡು ಬಂದಿದ್ದೇವೆ ಅನ್ನುವ ಧಾಟಿ. ಬರೆದು ಎರಡು ಸಲ ಓದಿಕೊಂಡೆ. ಎಷ್ಟು ನಯವಾಗಿತ್ತು ಅಂದರೆ ನನಗೇ ಹೇಸಿಗೆಯಾಯಿತು. ಆದರೂ ಅಳಿಸಲಿಲ್ಲ. ಸಂಚಿಕೆ ಬರುವುದು ಇಪ್ಪತ್ತೈದಕ್ಕೆ, ಗಡುವು ಹದಿನೇಳಕ್ಕೆ. ಗೊತ್ತಿದ್ದೇ ಬರೆದದ್ದು.

ಇವತ್ತು ಸಂಪಾದಕರ ಕೋಣೆಗೆ ಹೋದೆ. "ಒಂದು ಹೆಡ್‌ನೋಟಲ್ಲಿ ಸ್ವಲ್ಪ ಏರುಪೇರಾಗಿದೆ" ಅಂದೆ. ಸ್ವಲ್ಪ! ಅವರು ತೀರ್ಪು ತರಿಸಿಕೊಂಡು 38ರಿಂದ 45 ಓದಿದರು. ನಿಧಾನದ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಸ್ವಲ್ಪ ಅಲ್ಲ."

"ಹೌದು ಸರ್."

"ಯಾರಿಗಾದ್ರೂ ತೊಂದ್ರೆ ಆಗಿದೆಯಾ?"

ಇಲ್ಲಿ ನಾನು ಏನು ಹೇಳಿದೆ? "ಗೊತ್ತಿಲ್ಲ ಸರ್, ನೋಡಬೇಕು" ಅಂದೆ. ನೋಡಿ ಮೂರು ದಿನ ಆಗಿತ್ತು.

ಅವರು ತೀರ್ಪು ಮಡಚಿ ನನ್ನ ಕಡೆ ತಳ್ಳಿದರು. "ಹಾಗಾದ್ರೆ ಗದ್ದಲ ಬೇಡ. ಸಮೀಕ್ಷೆಯಲ್ಲಿ ಸರಿ ಹೋಗಿದೆಯಲ್ಲ. ವರ್ಷದ ಕೊನೇ ಸಂಪುಟದಲ್ಲಿ ಒಂದು ತಿದ್ದುಪಡಿ ಚೀಟಿ ಸೇರಿಸೋಣ. ಮೂವತ್ತೊಂದು ವರ್ಷದಲ್ಲಿ ನಿಮ್ಮದು ಮೊದಲನೇದು. ತಲೆ ಕೆಡಿಸ್ಕೋಬೇಡಿ."

ಹೊರಗೆ ಬಂದಾಗ ಹಗುರವಾಗಿತ್ತು. ಚಹಾ ಕುಡಿದೆ. ಚಸ್ಮಾ ಏನೋ ಜೋಕು ಹೇಳಿದ, ನಕ್ಕೆ ಕೂಡ. ಹಗುರವಾದದ್ದಕ್ಕೇ ಈಗ ಮುಖ ಎತ್ತಲಾಗುತ್ತಿಲ್ಲ.

ಜುಲೈ 12, ಶನಿವಾರ

ಹೇಳಿಬಿಡೋಣ ಅಂತ ಪುಟ್ಟ ವಕೀಲೆಗೆ ಫೋನ್ ಮಾಡಿದೆ. "ಅಕ್ಕಾ! ಬದುಕಿದ್ದೀರಾ? ಸಮೀಕ್ಷೆ ಬರೆಯೋವಾಗ ನಿಮಗೆ ನಾವೆಲ್ಲ ಸತ್ತ ಲೆಕ್ಕ ಅಲ್ವಾ" ಅಂತ ಶುರು ಹಚ್ಚಿಕೊಂಡಳು.

ಮಾತು ತಿರುಗಿಸಿದೆ. "ಸಮೀಕ್ಷೆಗೇ ಫೋನ್ ಮಾಡಿದ್ದು. ಆ ಮಗುವಿನ ತೀರ್ಪು ಕೆಳಗಿನ ಕೋರ್ಟಲ್ಲಿ ಹೇಗೆ ನಡೀತಿದೆ ಅಂತ ನಿನ್ನನ್ನ ಕೇಳೋಣ ಅಂತ" ಅಂದೆ.

"ಅಯ್ಯೋ, ಅದನ್ನ ನೆನಪಿಸಬೇಡಿ. ಅದರಿಂದ್ಲೇ ಸೋತಿದ್ದು ನಾನು. ಎದುರು ಪಾರ್ಟಿ ನಿಮ್ಮ ಹೆಡ್‌ನೋಟ್ ಓದಿದ ತಕ್ಷಣ ಗೊತ್ತಾಯ್ತು ಕಥೆ ಮುಗೀತು ಅಂತ."

ಆಮೇಲೆ ಕೇಳದೇ ಇದ್ದರೂ ಹೇಳಿದಳು. ಹುಡುಗಿ ಅವತ್ತು ಕೋರ್ಟಿಗೆ ಬಂದಿದ್ದಳಂತೆ. ಜಡ್ಜ್ ಹತ್ತಿರ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು, ಏಳು ಪಾಯಿಂಟು, ನಂಬರು ಹಾಕಿ. ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ. "ನನ್ನ ಸರದಿ ಯಾವಾಗ ಅಂತ ಅಟೆಂಡರ್‌ನ ಮೂರು ಸಲ ಕೇಳಿದ್ಲಂತೆ ಅಕ್ಕಾ. ಆದೇಶ ಆದ ಮೇಲೆ ನಾನು ಹೊರಗೆ ಬಂದೆ. ಈಗ ನನ್ನ ಸರದೀನಾ ಅಂದ್ಲು. ಜೂನ್ ಇಪ್ಪತ್ತೊಂಬತ್ತಕ್ಕೆ ಅಪ್ಪನ ಮನೆಗೆ ಕರ್ಕೊಂಡು ಹೋದ್ರು."

"ಮೇಲ್ಮನವಿ?"

"ಹೈಕೋರ್ಟೇ ಹೇಳಿದ ಮೇಲೆ ಹೈಕೋರ್ಟಿಗೆ ಹೋಗಿ ಏನು ಮಾಡೋದು ಅಂತ ನಾನೇ ಬೇಡ ಅಂದೆ. ಪಾಪ, ಬಟ್ಟೆ ಆಲ್ಟರೇಶನ್ ಮಾಡ್ಕೊಂಡಿರೋ ಹೆಂಗಸು. ಸುಮ್ಮನೆ ಯಾಕೆ ಅಲೆಸೋದು."

ನಾನು "ಸರಿ, ಒಳ್ಳೇದಾಗಲಿ" ಅಂದೆ. ಫೋನ್ ಇಟ್ಟೆ. ಒಳ್ಳೇದಾಗಲಿ ಅಂತೆ! ನನ್ನ ನಾಲಿಗೆ ಸುಡಬೇಕು.

ಜುಲೈ 13, ಭಾನುವಾರ

ಆದೇಶದಲ್ಲಿ ಚಿಕ್ಕಮ್ಮನ ವಿಳಾಸ ಇತ್ತು. ಹೋದೆ. ಬರಿಗೈಯಲ್ಲಿ ಹೇಗೆ ಹೋಗುವುದು? ಇವರ ಕಂದು ಪ್ಯಾಂಟು ಚೀಲಕ್ಕೆ ಹಾಕಿಕೊಂಡೆ. ಅದಕ್ಕೇನೂ ಆಗಿರಲಿಲ್ಲ.

ಎರಡು ಅಂಗಡಿಗಳ ನಡುವೆ ತುರುಕಿದಂತಿರುವ ಜಾಗ. ಒಂದು ಹೊಲಿಗೆ ಮೆಶಿನ್ನು, ಗೋಡೆಗೆ ದಾರದ ಉಂಡೆಗಳು, ಮೂಲೆಯಲ್ಲಿ ಒಂದು ಪುಟ್ಟ ಮೇಜು. ಮೇಜಿನ ಮೇಲೆ ಗಿರಾಕಿಗಳ ಬಟ್ಟೆ ಇಟ್ಟಿರಲಿಲ್ಲ, ಉಳಿದೆಲ್ಲ ಕಡೆ ರಾಶಿ ಬಿದ್ದಿತ್ತು.

"ಎರಡಿಂಚು ಗಿಡ್ಡ ಮಾಡ್ಬೇಕು" ಅಂದೆ. ಆಕೆ ಪ್ಯಾಂಟಿನ ಅಂಚು ತಿರುಗಿಸಿ ನೋಡಿದಳು, ನನ್ನನ್ನು ನೋಡಿದಳು, ಚೀಟಿ ಬರೆದಳು. ನಲವತ್ತರ ಆಸುಪಾಸು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು.

"ಆ ಮೇಜು?" — ಬಾಯಿ ತಾನಾಗಿಯೇ ಕೇಳಿತು.

"ನಮ್ಮ ಹುಡುಗೀದಮ್ಮಾ. ಇಲ್ಲೇ ಕೂತು ಓದ್ಕೊಳೋಳು. ಈಗ ಅವರಪ್ಪನ ಮನೇಲಿದಾಳೆ." ಪಿನ್ನು ತೆಗೆದಳು. "ಅಪ್ಪ ಕೆಟ್ಟೋರೇನಲ್ಲ, ಹಾಗೆ ಹೇಳಿದ್ರೆ ತಪ್ಪಾಗುತ್ತೆ. ಅವಳನ್ನ ಒಂದು ಮಾತು ಕೇಳ್ಬೇಕಿತ್ತು. ಅಪ್ಪನೇ ಬೇಕು ಅಂದಿದ್ರೆ ನಾನೇ ಬಟ್ಟೆ ಮಡಚಿ ಕೊಡ್ತಿದ್ದೆ. ಕೇಳಲೇ ಇಲ್ಲ."

"ಯಾಕಂತೆ?"

ಯಾಕಂತೆ ಅಂತ ನಾನು ಕೇಳಿದೆ. ನಾನು!

"ದೊಡ್ಡ ಕೋರ್ಟು ಬೇಡ ಅಂದಿದೆಯಂತೆ. ಅಲ್ಲಿರೋರು ತಿಳಿದೋರು. ನೋಡದೆ ಹೇಳ್ತಾರಾ? ಏನೋ ಕಾರಣ ಇರುತ್ತೆ ಬಿಡಿ."

ಚೀಟಿ ತೆಗೆದುಕೊಂಡು ಬಂದುಬಿಟ್ಟೆ. ಬಸ್‌ಸ್ಟಾಪು ದಾಟಿ, ಇನ್ನೊಂದು ಬಸ್‌ಸ್ಟಾಪೂ ದಾಟಿ ನಡೆದೆ. ಭೂಮಿ ಬಾಯಿ ಬಿಟ್ಟಿದ್ದರೆ ನಿಜವಾಗಿಯೂ ಇಳಿದುಬಿಡುತ್ತಿದ್ದೆ.

ಜುಲೈ 14, ಸೋಮವಾರ, ಬೆಳಿಗ್ಗೆ

"ನನ್ನ ಕಂದು ಪ್ಯಾಂಟೆಲ್ಲಿ?" ಅಂತ ಇವರು ಕಪಾಟು ತಡಕಾಡುತ್ತಿದ್ದರು. ಗಿಡ್ಡ ಮಾಡಿಸಲು ಕೊಟ್ಟಿದ್ದೇನೆ ಅಂದೆ. "ಯಾಕೆ, ನಾನು ಗಿಡ್ಡ ಆಗ್ತಿದೀನಾ?" ಅಂದರು. ಎಂದಿನ ತಮಾಷೆ. ನಾನು ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ.

ಎಲ್ಲ ಹೇಳಿದೆ. 41, 44, ಚಪ್ಪಾಳೆ, ಸಂಪಾದಕರು, ಫೋನು, ಅಂಗಡಿ. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅರ್ಧ ಬನಿಯನ್ನು ಹಾಕಿಕೊಂಡು ಹಾಗೇ ನಿಂತಿದ್ದರು.

"ನಿಮ್ಮ ಸಂಚಿಕೆ ಯಾವತ್ತು?"

"ಇಪ್ಪತ್ತೈದು."

"ಬಸ್ಸು ಹೋಗೋದು ಹದಿನೇಳಕ್ಕೆ. ವೇಳಾಪಟ್ಟಿ ತಿದ್ದೋದು ಇಪ್ಪತ್ತೈದಕ್ಕಾ?"

"ಸಂಪಾದಕರು ಗದ್ದಲ ಬೇಡ ಅಂದ್ರು."

"ಅವರಿಗೆ ಪೂರ್ತಿ ಹೇಳಿದ್ಯಾ?"

ಇಲ್ಲ. ಪೂರ್ತಿ ಯಾರಿಗೂ ಹೇಳಿರಲಿಲ್ಲ. ಇವರು ಬನಿಯನ್ನಿನ ಇನ್ನೊಂದು ತೋಳು ಹಾಕಿಕೊಂಡು ಚಹಾ ಮಾಡಲು ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಇವರ ಮುಂದೆ ಇಷ್ಟು ಸಣ್ಣವಳಾದದ್ದು ಇದೇ ಮೊದಲು.

ಜುಲೈ 15, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದೆ. ಈ ಸಲ ಪೀಠಿಕೆ ಹಾಕಲಿಲ್ಲ. "ಆ ಹೆಡ್‌ನೋಟ್ ತಪ್ಪು. ತೀರ್ಪು ಉಲ್ಟಾ ಇದೆ. 38ರಿಂದ 45 ಓದು" ಅಂದೆ. ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಅಯ್ಯೋ ದೇವ್ರೇ. ನಾನೂ ಪೂರ್ತಿ ಓದಲಿಲ್ಲ ಅಕ್ಕಾ. ನಿಮ್ಮ ಹೆಡ್‌ನೋಟ್ ಅಂದ್ಮೇಲೆ ಓದೋದೇನಿದೆ ಅಂತ..."

ಅವಳ ಪಾಲಿನ ತಪ್ಪನ್ನು ಅವಳು ಎಷ್ಟು ಬೇಗ ಎತ್ತಿಕೊಂಡಳು! ನನಗೆ ಎಂಟು ದಿನ ಹಿಡಿಯಿತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಏಳನೇ ತಾರೀಕು."

"ಅಂದ್ರೆ ಶನಿವಾರ ಫೋನ್ ಮಾಡಿದಾಗ..."

"ಗೊತ್ತಿತ್ತು."

"ಆ ಹುಡುಗಿ ಬೆಂಚಿನ ಮೇಲೆ ಕೂತಿದ್ಲು ಅಂತ ನಾನು ಹೇಳ್ತಾ ಇದ್ದಾಗಲೂ ಗೊತ್ತಿತ್ತು."

"ಗೊತ್ತಿತ್ತು ಕಣೇ."

ಮತ್ತೆ ಮಾತಾಡಿದಾಗ ಧ್ವನಿ ಕೋರ್ಟಿನ ಧ್ವನಿ. "ಸರಿ ಮೇಡಂ. ಮೇಲ್ಮನವಿ ನಾನು ಇವತ್ತೇ ಬರೀತೀನಿ. ಹೆಡ್‌ನೋಟ್ ಬರೆದಿದ್ದು ನೀವೇ, ಅದು ತಪ್ಪು ಅಂತ ಒಂದು ಅಫಿಡವಿಟ್ ಬೇಕು. ನಾಳೆ ಆ ಚಿಕ್ಕಮ್ಮನ ಸಹಿ ಆಗ್ಬೇಕು. ಅವರಿಗೆ ವಿಷಯ ನೀವೇ ಹೋಗಿ ಹೇಳಿ. ನಾನು ಹೇಳಲ್ಲ."

ಮೇಡಂ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳ ಬಾಯಿಂದ ಬಂದಿರಲಿಲ್ಲ.

ಮಧ್ಯಾಹ್ನ ಸಂಪಾದಕರಿಗೂ ಪೂರ್ತಿ ಹೇಳಿದೆ. ಜೂನ್ 17ರ ಆದೇಶ ಮುಂದಿಟ್ಟೆ. "ನೋಡಬೇಕು ಅಂದಿದ್ರಲ್ಲ" ಅಂದರು. ಅವತ್ತು ಸುಳ್ಳು ಹೇಳಿದೆ ಸರ್ ಅಂದೆ. ಕನ್ನಡಕ ಹಾಕಿಕೊಂಡು ಬೇರೆ ಕಾಗದ ನೋಡಲು ಶುರುಮಾಡಿದರು. ನಿಂತೇ ಇದ್ದೆ. ಆಮೇಲೆ ನಾನೇ ಬಂದೆ.

ಜುಲೈ 16, ಬುಧವಾರ, ಸಂಜೆ

ಅಂಗಡಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಆಕೆ ಬೀಗ ತೆಗೆಯುತ್ತಾ, "ನಾಳೆ ಅಲ್ವಾಮ್ಮಾ ಬರೆದಿದ್ದು?" ಅಂದಳು.

ಬಟ್ಟೆಗಲ್ಲ ಅಂದೆ. ಹೇಳಿದೆ. ಕಾನೂನಿನ ಪದ ಒಂದನ್ನೂ ಹಾಕದೆ ಹೇಳಲು ಹೋಗಿ ತಡವರಿಸಿದೆ. ಆಕೆ ನಿಂತಲ್ಲೇ ನಿಂತು ಕೇಳಿದಳು.

"ಅಂದ್ರೆ ಅವಳನ್ನ ಕೇಳ್ಬೇಕಿತ್ತು."

"ಕೇಳಲೇಬೇಕಿತ್ತು."

"ದೊಡ್ಡ ಕೋರ್ಟು ಕೇಳಿ ಅಂತಾನೇ ಹೇಳಿತ್ತು."

"ಹೌದು."

"ನೀವು ಬೇಡ ಅಂತ ಬರೆದ್ರಿ."

"ಹೌದು."

"ಯಾಕಮ್ಮಾ?"

ಇದನ್ನು ಯಾರೂ ಕೇಳಿರಲಿಲ್ಲ. ಇವರೂ ಕೇಳಿರಲಿಲ್ಲ. ಪೂರ್ಣವಿರಾಮ ಇಲ್ಲದ ಜಡ್ಜು, ಉದ್ದದ ಪ್ಯಾರಾ... ಇವೆಲ್ಲ ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಆಕೆಯ ಮುಖ ನೋಡಿದರೆ ಒಂದೂ ಹೊರಡಲಿಲ್ಲ. "ನಾಲ್ಕು ಗಂಟೆಯೊಳಗೆ ಮುಗಿಸ್ತೀನಿ ಅಂತ ಪಂಥ ಕಟ್ಟಿದ್ದೆ" ಅಂದೆ.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅರ್ಥವಾಗದವಳ ಹಾಗೆ ತಲೆ ಆಡಿಸಿದಳು. ಒಳಗೆ ಹೋಗಿ ಕಂದು ಪ್ಯಾಂಟು ತಂದು ಕೌಂಟರಿನ ಮೇಲಿಟ್ಟಳು. ಕತ್ತರಿ ಮುಟ್ಟಿಸಿರಲಿಲ್ಲ.

"ಅಂಚು ನೋಡಿದಾಗಲೇ ಗೊತ್ತಾಯ್ತು, ಅಳತೆ ಸರಿಯಾಗೇ ಇದೆ ಅಂತ. ಇನ್ನೊಂದ್ಸಲ ಕೇಳಿ ಕತ್ತರಿಸೋಣ ಅಂತ ಇಟ್ಟಿದ್ದೆ" ಅಂದಳು. ಕುಟುಕಿ ಹೇಳಿದ್ದಲ್ಲ. ಕೆಲಸದ ಮಾತು. ಅದಕ್ಕೇ ಎಲ್ಲಕ್ಕಿಂತ ಆಳಕ್ಕೆ ಇಳಿಯಿತು.

ಬಾಗಿಲು ಹಾಕಿಕೊಂಡು ಜೊತೆಗೆ ಬಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಆಕೆ ನಿಂತೇ ಬಂದಳು. ವಕೀಲೆಯ ಆಫೀಸಿನಲ್ಲಿ ಇಬ್ಬರೂ ಸಹಿ ಹಾಕಿದೆವು. ಆಕೆ ಮೇಲ್ಮನವಿಗೆ, ನಾನು ನನ್ನ ಅಫಿಡವಿಟ್ಟಿಗೆ. ಪುಟ್ಟ ವಕೀಲೆ ಆಕೆಗೆ ಮಾತ್ರ ಚಹಾ ತರಿಸಿದಳು. ಸರಿಯಾಗಿಯೇ ಮಾಡಿದಳು.

ಜುಲೈ 17, ಗುರುವಾರ

ಮಧ್ಯಾಹ್ನ 2.50ಕ್ಕೆ ದಾಖಲಾಯಿತು. ವಕೀಲೆಯಿಂದ ಒಂದು ಮೆಸೇಜು — "ಫೈಲ್ ಆಯ್ತು." ಅಷ್ಟೇ. ಉತ್ತರವಾಗಿ ಏನು ಬರೆದರೂ ಹೆಚ್ಚಾಗುತ್ತಿತ್ತು. ಬರೆಯಲಿಲ್ಲ.

ಜುಲೈ 22, ಮಂಗಳವಾರ

ನಿನ್ನೆ ರಜೆಯ ಪೀಠದ ಮುಂದೆ ಬಂತು. ಜಡ್ಜು ನನ್ನ ಅಫಿಡವಿಟ್ಟನ್ನು ಗಟ್ಟಿಯಾಗಿ ಓದಿದರಂತೆ, ತೆರೆದ ಕೋರ್ಟಿನಲ್ಲಿ. ಹೊರಗೆ ಇಬ್ಬರು ವಕೀಲರು ನಕ್ಕರಂತೆ. ಇದನ್ನೆಲ್ಲ ಬಂದು ಹೇಳಿದ್ದು ಚಸ್ಮಾ. ಹೇಳಿ ತಾನೇ ಮುಖ ಸಪ್ಪೆ ಮಾಡಿಕೊಂಡ. ಪಂಥ ಕಟ್ಟಿಸಿದ್ದು ತಾನು ಅಂತ ಅವನಿಗೂ ಒಳಗೊಳಗೆ ಚುಚ್ಚುತ್ತಿದೆ. ನಿಂದೇನೂ ಇಲ್ಲ ಮಾರಾಯ ಅಂದೆ.

ಇಪ್ಪತ್ತನಾಲ್ಕಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಹುಡುಗಿಯನ್ನು ತಂದೆ ಕರೆತರಬೇಕು. ಜಡ್ಜು ತಮ್ಮ ಕೋಣೆಯಲ್ಲಿ ತಾವೇ ಮಾತಾಡಿಸುತ್ತಾರೆ.

ಸಮೀಕ್ಷೆಯ ಆರನೇ ಭಾಗ ಹರಿದು ಮತ್ತೆ ಬರೆದೆ. ಫೆಬ್ರವರಿಯ ಹೆಡ್‌ನೋಟ್ ತಪ್ಪು, ಬರೆದವಳು ನಾನು, ಇಂತಿಂಥ ಆದೇಶ ಅದನ್ನು ನಂಬಿ ಬಂತು, ಗೊತ್ತಾದ ಮೇಲೂ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ — ಎಲ್ಲ. ಕೆಳಗೆ ಹೆಸರು ಹಾಕಿದೆ. ಸಂಪಾದಕರ ಮೇಜಿನ ಮೇಲಿಟ್ಟು ನಿಂತೆ.

ಓದಿದರು. "ಆರನೇದನ್ನ ಮೊದಲಿಗೆ ಹಾಕಿ" ಅಂದರು.

"ಗುಡಿಸಲಿನ ಕೇಸು ದೊಡ್ಡದಲ್ವಾ ಸರ್?"

"ಇರಬಹುದು. ಎಲ್ಲರೂ ಓದೋದು ಮೊದಲನೇ ಪುಟವನ್ನೇ." ಆಮೇಲೆ, ಮುಖ ನೋಡದೆ, "ಹೆಡ್‌ನೋಟ್ ಇನ್ಮೇಲೆ ಬೇರೆಯವರು ಬರೀಲಿ. ನೀವು ವಿಷಯಸೂಚಿ ನೋಡ್ಕೊಳ್ಳಿ."

ಆಗಲಿ ಸರ್ ಅಂದೆ. ಮನೆಗೆ ಬಂದು ಇವರಿಗೆ ಹೇಳಿದೆ. ತಲೆ ಮೇಲೆ ಒಂದು ಸಲ ಕೈ ಇಟ್ಟು ತೆಗೆದರು.

ಜುಲೈ 24, ಗುರುವಾರ, ಬೆಳಿಗ್ಗೆ 11.35, ಹೈಕೋರ್ಟ್ ಕಾರಿಡಾರ್

ಬರಬೇಕಾಗಿರಲಿಲ್ಲ. ಯಾರೂ ಕರೆದಿರಲಿಲ್ಲ. ಬಂದೆ. ಡೈರಿ ಚೀಲದಲ್ಲೇ ಇತ್ತು, ಕೈ ಸುಮ್ಮನಿರುತ್ತಿಲ್ಲ.

ಚಿಕ್ಕಮ್ಮ ಕಂಬದ ಹತ್ತಿರ, ಪಕ್ಕದಲ್ಲಿ ವಕೀಲೆ. ಇಬ್ಬರೂ ನನ್ನನ್ನು ನೋಡಿದರು. ವಕೀಲೆ ತಲೆ ಅಲ್ಲಾಡಿಸಿದಳು, ಬಂದ್ರಾ ಅನ್ನುವಷ್ಟು.

ತಂದೆ ಬಂದ. ರಾಕ್ಷಸ ಅಂದುಕೊಂಡಿದ್ದೆನೋ ಏನೋ. ಸಣಕಲು ಮನುಷ್ಯ. ಕೈಯಲ್ಲಿ ಮಗಳ ನೀರಿನ ಬಾಟಲಿ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಇವನಿಗೂ ನಾನು ಅನ್ಯಾಯ ಮಾಡಿದ್ದೇನೆ. ಮಗಳು ಒಪ್ಪಿ ಬಂದಿದ್ದಾಳೋ ಇಲ್ಲವೋ ಅಂತ ಗೊತ್ತಿಲ್ಲದೆ ಇಪ್ಪತ್ತೈದು ದಿನ ಒಂದೇ ಮನೆಯಲ್ಲಿ ಇರುವುದು ಅಂದರೆ ಹೇಗಿರುತ್ತದೆ?

11.45

ಹುಡುಗಿ ನನ್ನ ಬೆಂಚಿನಲ್ಲೇ ಕೂತಿದ್ದಾಳೆ. ಎರಡು ಕಡೆಯವರಿಂದಲೂ ದೂರ ಕೂತಿರಲಿ ಅಂತ ಅಟೆಂಡರ್ ಇಲ್ಲಿ ಕೂರಿಸಿ ಹೋದ. ಅವನಿಗೇನು ಗೊತ್ತು. ಕಾಲು ನೆಲಕ್ಕೆ ಎಟುಕುತ್ತದೆ, ಆದರೂ ಎಟುಕದವಳ ಹಾಗೆ ಆಡಿಸುತ್ತಿದ್ದಾಳೆ.

"ನೀವು ಯಾರ ಕಡೆಯೋರು?"

ಯಾರ ಕಡೆಯವಳೂ ಅಲ್ಲ ಅಂದೆ.

"ಮತ್ತೆ ಯಾಕೆ ಬಂದಿದೀರಾ?"

ಒಂದು ತಪ್ಪು ಮಾಡಿದ್ದೆ, ಅದಕ್ಕೆ ಬಂದೆ ಅಂದೆ. ಅವಳಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಕೋರ್ಟಿಗೆ ತಪ್ಪು ಮಾಡಿದವರೇ ಬರುವುದು ಅಂತ ಯಾರೋ ಹೇಳಿರಬೇಕು.

11.52

"ಏನು ಬರೀತಿದೀರಾ?" — ಕತ್ತು ಚಾಚಿ ನೋಡುತ್ತಿದ್ದಾಳೆ.

ದಿನಚರಿ ಅಂದೆ. ಯಾರೂ ಓದದಿದ್ದರೆ ಯಾಕೆ ಬರೆಯೋದು ಅಂತ ಕೇಳಿದಳು.

"ಇದರಲ್ಲಿ ನಾನಿದೀನಾ?"

ಸುಳ್ಳು ಹೇಳುವುದು ಎಷ್ಟು ಸುಲಭ ಅಂತ ಈ ತಿಂಗಳು ಚೆನ್ನಾಗಿ ಕಲಿತಿದ್ದೇನೆ. ಇದ್ದೀಯ ಅಂದೆ.

"ಕೊಡಿ, ನೋಡ್ತೀನಿ."

ನನ್ನ ಅಕ್ಷರ ಚೆನ್ನಾಗಿಲ್ಲ, ಓದೋಕಾಗಲ್ಲ ಅಂದೆ. "ನಮ್ಮ ಚಿಕ್ಕಮ್ಮಂದು ಇನ್ನೂ ಕೆಟ್ಟದಾಗಿದೆ, ನಾನು ಓದ್ತೀನಿ" ಅಂತ ಕೈ ಚಾಚಿಕೊಂಡೇ ಕೂತಿದ್ದಾಳೆ. ಕೈ ಹಿಂದಕ್ಕೆ ತೆಗೆಯುವವಳ ಹಾಗೆ ಕಾಣುತ್ತಿಲ್ಲ. ಒಳಗಿನಿಂದ ಇನ್ನೂ ಕರೆ ಬಂದಿಲ್ಲ. ಎಂಟು ನಿಮಿಷ ಇದೆ. ಎಲ್ಲಿಂದ ಓದಲಿ ಅಂತ ಕೇಳುತ್ತಿದ್ದಾಳೆ. ಏಳನೇ ತಾರೀಕಿನಿಂದ ಅಂದೆ. ಪುಟ ತೆಗೆದುಕೊಡುತ್ತಿದ್ದೇನೆ, ಅದರಲ್ಲಿ ಮೊದಲನೇ ಪದವೇ "ತಪ್ಪು".